ನೀರಿನೊಳಗೆ ಬಿರಿದ ಪಾಟಾ

2023ರ ಬೇಸಿಗೆ. ಪಶ್ಚಿಮ ಕರಾವಳಿಯ ಹಡಗುಕಟ್ಟೆಗಳಲ್ಲಿ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಆಗಿದ್ದ ನಾನು ನಿವೃತ್ತನಾಗಿ ಶಿರಸಿಯಲ್ಲಿ ಮನೆ ಮಾಡಿಕೊಂಡಿದ್ದೆ. ವೆಲ್ಡಿಂಗ್ ಇನ್‌ಸ್ಪೆಕ್ಟರ್ ಎಂದರೆ ಬೇರೆಯವರು ಹಾಕಿದ ಬೆಸುಗೆಯಲ್ಲಿ ತಪ್ಪು ಹುಡುಕುವವನು. ಸರಿಯಾಗಿದ್ದರೆ ಸಹಿ ಹಾಕಬೇಕು, ಇಲ್ಲದಿದ್ದರೆ ಕಿತ್ತು ಮತ್ತೆ ಮಾಡಿ ಎನ್ನಬೇಕು. ಇಂಥ ಕೆಲಸದಲ್ಲಿ ಆಯುಷ್ಯ ಸವೆಸಿದವನಿಗೆ ಸ್ನೇಹಿತರು ಕಮ್ಮಿ, ಬಾಯಿ ಜೋರು. ನಿವೃತ್ತಿಯಾದ ಮೇಲೂ ಗೇಟಿನ ಬೆಸುಗೆ, ಬಸ್ಸಿನ ಕಂಬಿಯ ಬೆಸುಗೆ ನೋಡಿ ಗೊಣಗುತ್ತಿದ್ದೆ. ನನ್ನ ಹೆಂಡತಿ ನನ್ನ ಜೊತೆ ಪೇಟೆಗೆ ಬರುವುದನ್ನೇ ಬಿಟ್ಟಿದ್ದಳು.

ಏಪ್ರಿಲ್ ಮೊದಲ ವಾರದಲ್ಲಿ ಯಲ್ಲಾಪುರದಿಂದ ಒಬ್ಬ ಇಂಜಿನಿಯರ್ ಫೋನ್ ಮಾಡಿದರು. ತಾಲೂಕಿನ ಒಳಗೆ ಹಳ್ಳವೊಂದಕ್ಕೆ ಕಟ್ಟಿದ ಚಿಕ್ಕ ಒಡ್ಡಿನಲ್ಲಿ ಅಪಘಾತವಾಗಿ ಒಬ್ಬರು ತೀರಿಕೊಂಡಿದ್ದಾರೆ, ನೀರಿನ ಅಡಿಯಲ್ಲಿ ಹಾಕಿದ ಬೆಸುಗೆ ಬಿಟ್ಟಿದೆ, ಬೆಸುಗೆ ಹಾಕಿದವನ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಕೇಸು ಹಾಕಿದ್ದಾರೆ, ಕಾರಣ ಪರೀಕ್ಷಿಸಿ ಒಂದು ತಾಂತ್ರಿಕ ವರದಿ ಕೊಡಬೇಕು ಎಂದರು. ಯಲ್ಲಾಪುರದ ಕಾಡಿನಲ್ಲಿ ಅಂಡರ್‌ವಾಟರ್ ವೆಲ್ಡಿಂಗ್! ನಾನು ಮೊದಲು ನಂಬಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದೆ.

ಆದದ್ದು ಇಷ್ಟು. ಆ ಒಡ್ಡಿಗೆ ತಳದಲ್ಲಿ ಎರಡು ತೂಬುಗಳು, ಎರಡಕ್ಕೂ ಕಬ್ಬಿಣದ ಗೇಟು. ಮಳೆಗಾಲ ಮುಗಿದ ಮೇಲೆ ಗೇಟು ಇಳಿಸಿ ನೀರು ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಕೆಳಗಿನ ಮೂರು ಊರುಗಳ ಕುಡಿಯುವ ಬಾವಿಗಳು ಒಣಗಲು ಶುರುವಾದಾಗ ಒಂದು ಗೇಟನ್ನು ಸ್ವಲ್ಪ ಎತ್ತಿ ನೀರು ಬಿಡುತ್ತಾರೆ. ಎತ್ತಲು ಪ್ರತಿ ಗೇಟಿನ ತಲೆಯ ಮೇಲೆ ತೂತುಳ್ಳ ಒಂದು ದಪ್ಪ ಕಬ್ಬಿಣದ ತುಂಡು ಬೆಸೆದಿರುತ್ತದೆ. ಅದಕ್ಕೆ ಎಲ್ಲರೂ ಕಿವಿ ಎನ್ನುತ್ತಾರೆ. ಕಿವಿಗೆ ಕೊಕ್ಕೆ, ಕೊಕ್ಕೆಗೆ ಉಕ್ಕಿನ ಹಗ್ಗ, ಒಡ್ಡಿನ ಮೇಲೆ ಕೈಯಿಂದ ತಿರುಗಿಸುವ ವಿಂಚ್. ಆ ವರ್ಷ ಒಂದು ಗೇಟಿನ ಕಿವಿ ಅರ್ಧ ಕಿತ್ತುಕೊಂಡಿತ್ತು. ಕಿವಿಯ ಕೆಳಗಿನ ಗೇಟಿನ ತಗಡು ತುಕ್ಕು ಹಿಡಿದು ತೆಳ್ಳಗಾಗಿತ್ತು. ನೀರು ಖಾಲಿ ಮಾಡಿ ರಿಪೇರಿ ಮಾಡೋಣ ಎಂದರೆ ಆ ಬೇಸಿಗೆಗೆ ಊರಿಗೆ ಕುಡಿಯುವ ನೀರೇ ಇಲ್ಲ. ಹಾಗಾಗಿ ನೀರಿಗಿಳಿದು ಬೆಸೆಯಬಲ್ಲ ಒಬ್ಬನನ್ನು ಹುಡುಕಿದರು. ಅವನು ಯಲ್ಲಾಪುರದಲ್ಲೇ ಸಿಕ್ಕ.

ಅವನ ಹೆಸರು ಸಲೀಂ. ಮೂವತ್ತರ ಆಸುಪಾಸು. ಮುಂಬೈಯಲ್ಲಿ ನೀರೊಳಗಿನ ಬೆಸುಗೆ ಕಲಿತು, ಗಲ್ಫ್ ದೇಶದ ಬಂದರಿನಲ್ಲಿ ಕೆಲಸ ಮಾಡಿ, ಮದುವೆಗೆಂದು ಊರಿಗೆ ಬಂದು ಇಲ್ಲೇ ಉಳಿದವನು. ಊರಿನ ಕೆಲಸ ಎಂದು ಒಪ್ಪಿಕೊಂಡು, ನೀರಿಗಿಳಿದು, ಹೊಸ ತಗಡಿನ ಪಟ್ಟಿ ಕೂರಿಸಿ, ಕಿವಿಯನ್ನು ಸುತ್ತಲೂ ಬೆಸೆದ. ಅವತ್ತು ಸಂಜೆಯೇ ವಿಂಚ್‌ನಿಂದ ಜಗ್ಗಿ ನೋಡಿದರು. ಕಿವಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದರು.

ಕೆಲವು ದಿನ ಬಿಟ್ಟು ನೀರು ಬಿಡುವ ದಿನ ಬಂತು. ತೆಂಗಿನಕಾಯಿ ಒಡೆದು, ವರ್ಷದ ಮೊದಲ ಸುತ್ತು ತಿರುಗಿಸುವುದು ಮಂಜಣ್ಣನ ಹಕ್ಕು. ಕೆಳಗಿನ ಊರಿನ ರೈತ, ಒಡ್ಡು ಕಟ್ಟಿದಾಗ ಕಲ್ಲು ಹೊತ್ತವರಲ್ಲಿ ಒಬ್ಬ. ಗೇಟು ಹೂಳಿನಲ್ಲಿ ಕಚ್ಚಿಕೊಂಡಿತ್ತು. ಆತ ವಿಂಚ್‌ನ ಉದ್ದ ಸಲಾಕೆಯ ಮೇಲೆ ಇಡೀ ಮೈಭಾರ ಹಾಕಿ ಒತ್ತಿದ. ಅದೇ ಗಳಿಗೆಗೆ ನೀರಿನಡಿಯಲ್ಲಿ ಕಿವಿ ಕಿತ್ತುಬಂತು, ಸಲಾಕೆ ಸಡಿಲವಾಯಿತು, ಒತ್ತುತ್ತಿದ್ದವನಿಗೆ ಆಸರೆಯೇ ಇಲ್ಲದಾಯಿತು. ಮಂಜಣ್ಣ ಒಡ್ಡಿನ ಕೆಳಬದಿಯ ಬಂಡೆಗಳ ಮೇಲೆ ತಲೆಕೆಳಗಾಗಿ ಬಿದ್ದ. ಹುಬ್ಬಳ್ಳಿಗೆ ಒಯ್ಯಲು ಗಾಡಿ ಬರುವ ಹೊತ್ತಿಗೆ ಜೀವ ಇರಲಿಲ್ಲ.

ನಾನು ಹೋದಾಗ ಒಡ್ಡಿನ ಮೇಲೆ ಆ ಇಂಜಿನಿಯರ್, ಒಡ್ಡು ನೋಡಿಕೊಳ್ಳುವ ಊರ ಸಮಿತಿಯ ಒಂದಿಬ್ಬರು ಇದ್ದರು. ದೂರದಲ್ಲಿ ಸಲೀಂ ಒಬ್ಬನೇ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

“ಕಳಪೆ ಬೆಸುಗೆ ಸರ್, ಅದರಲ್ಲಿ ನೋಡೋದೆಂತಿದೆ?” ಎಂದರು ಇಂಜಿನಿಯರ್. “ಇನ್ನೊಂದು ಗೇಟಿನ ಕಿವಿನೂ ಅಲುಗಾಡ್ತಾ ಇದೆ. ಅದಕ್ಕೆ ಕರಾವಳಿಯಿಂದ ಒಳ್ಳೆ ವೆಲ್ಡರ್ ಕರೆಸ್ತಾ ಇದೀವಿ. ನೀವು ವರದಿ ಬೇಗ ಕೊಟ್ರೆ ಮುಂದಿನ ಕೆಲಸ ಆಗ್ತದೆ.”

ನನಗೆ ಪಿತ್ತ ನೆತ್ತಿಗೇರಿತು. “ನೋಡೋದು ಏನೂ ಇಲ್ಲದಿದ್ದರೆ ನನ್ನನ್ನು ಬಸ್ಸಿನಲ್ಲಿ ಯಾಕೆ ಕುಲುಕಿಸಿದಿರಿ? ಮುರಿದ ತುಂಡು ತೋರಿಸಿ” ಎಂದೆ.

ಮುರಿದ ಕಿವಿ ಕೊಕ್ಕೆಯಲ್ಲೇ ನೇತಾಡಿಕೊಂಡು ಮೇಲೆ ಬಂದಿತ್ತು. ಅದನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದರು. ಬಿಸಿಲಿನಲ್ಲಿಟ್ಟು ಭೂತಗನ್ನಡಿ ಹಿಡಿದೆ. ಬೆಸುಗೆ ಬಿಟ್ಟಿರಲಿಲ್ಲ! ತುಂಡಿಗೆ ಅಂಟಿ ಬಂದದ್ದು ಸ್ವಲ್ಪವೇ, ಸಲೀಂ ಹಾಕಿದ ಬೆಸುಗೆಯ ಸಾಲಿನ ಬಹುಭಾಗ ಗೇಟಿನ ಕಡೆಯೇ ಉಳಿದುಬಿಟ್ಟಿತ್ತು. ಒಡೆದದ್ದು ಬೆಸುಗೆಗೆ ಒತ್ತಿಕೊಂಡಿದ್ದ ಕಿವಿಯ ಅಂಚು. ಸಾಧಾರಣ ಕಬ್ಬಿಣ ಹರಿಯುವಾಗ ಮೊದಲು ಬಗ್ಗುತ್ತದೆ, ಎಳೆಯುತ್ತದೆ, ಆಮೇಲೆ ಹರಿಯುತ್ತದೆ. ಇಲ್ಲಿ ಎಳೆತದ ಗುರುತೇ ಇಲ್ಲ. ಕಲ್ಲುಸಕ್ಕರೆ ಒಡೆದ ಹಾಗೆ ಹೊಳೆಯುವ ಹರಳು ಹರಳಾದ ಮುಖ. ಅದರ ಒಂದು ಕಡೆ ಆಗಲೇ ಸಣ್ಣಗೆ ತುಕ್ಕು ಹಿಡಿದಿತ್ತು. ಅಂದರೆ ಮಂಜಣ್ಣ ಸಲಾಕೆ ಮುಟ್ಟುವ ಮೊದಲೇ ಅಲ್ಲಿ ಬಿರುಕು ಬಂದು, ಅದರೊಳಗೆ ನೀರು ಹೊಕ್ಕಿತ್ತು.

ಆ ಅಂಚಿಗೆ ಅರ ಹಾಕಿದೆ. ಗಾಜಿನ ಮೇಲೆ ಜಾರಿದಂತೆ ಅರ ಜಾರಿತು. ಒಂದು ಮೂಲೆಯನ್ನು ಗ್ರೈಂಡರ್‌ಗೆ ಹಿಡಿಸಿದೆ. ಸಾದಾ ಕಬ್ಬಿಣವಾದರೆ ಉದ್ದನೆಯ ಕಿಡಿಗಳು ನೇರ ಹಾರುತ್ತವೆ. ಇಲ್ಲಿ ಪ್ರತಿ ಕಿಡಿಯೂ ಸುರುಸುರುಬತ್ತಿಯಂತೆ ಒಡೆದು ಚದುರಿತು. ಕಾರ್ಬನ್ ಹೆಚ್ಚಿರುವ ಉಕ್ಕಿನ ಲಕ್ಷಣ ಅದು. ಈ ಕಿವಿ ಗೇಟಿನ ಜಾತಿಯ ಕಬ್ಬಿಣವೇ ಅಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ತುಂಡನ್ನೂ ಗೇಟಿನ ತಗಡಿನ ಒಂದು ಚೂರನ್ನೂ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದೆ.

ಲ್ಯಾಬಿನ ಫಲಿತಾಂಶ ಹೇಳುವ ಮೊದಲು ಓದುಗರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ಶುದ್ಧ ಕಬ್ಬಿಣ ಬಹಳ ಮೆತ್ತಗೆ. ಅದಕ್ಕೆ ಬಲ ಬರುವುದು ಬೆರಕೆಯಿಂದ. ಕಾರ್ಬನ್, ಮ್ಯಾಂಗನೀಸ್, ಕ್ರೋಮಿಯಂ, ಸಿಲಿಕಾನ್ ಇವೆಲ್ಲ ಚಿಟಿಕೆ ಚಿಟಿಕೆ ಸೇರಿದಂತೆ ಉಕ್ಕು ಗಟ್ಟಿಯಾಗುತ್ತದೆ. ಆದರೆ ಇದೇ ಬೆರಕೆ ಬೆಸುಗೆಗೆ ವೈರಿ. ಕೆಂಪಗೆ ಕಾದ ಇಂಥ ಉಕ್ಕು ನಿಧಾನ ತಣಿದರೆ ಸಾಧುವಾಗಿರುತ್ತದೆ, ತಟ್ಟನೆ ತಣಿದರೆ ಗಾಜಿನ ಗುಣ ಬರುತ್ತದೆ. ಎಷ್ಟು ಬೆರಕೆಯಿದ್ದರೆ ಎಷ್ಟು ಅಪಾಯ ಎಂದು ಅಳೆಯಲು ನಮ್ಮ ವೃತ್ತಿಯಲ್ಲಿ ‘ಕಾರ್ಬನ್ ಈಕ್ವಿವೆಲೆಂಟ್’ ಎಂಬ ಲೆಕ್ಕವಿದೆ. ಕಾರ್ಬನ್‌ಗೆ ಪೂರ್ತಿ ಅಂಕ, ಮ್ಯಾಂಗನೀಸ್‌ಗೆ ಆರರಲ್ಲೊಂದು ಪಾಲು, ಕ್ರೋಮಿಯಂಗೆ ಐದರಲ್ಲೊಂದು ಪಾಲು, ಹೀಗೆ ಕೂಡುತ್ತಾ ಹೋಗುವುದು. ಈ ಮೊತ್ತ ಸುಮಾರು 0.40 ದಾಟಿದರೆ ಸಾಮಾನ್ಯ ಬೆಸುಗೆ ರಾಡಿನಿಂದ ನೀರಿನೊಳಗೆ ಬೆಸೆಯಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಮಿತಿ.

ನೀರಿನೊಳಗೆ ಯಾಕೆ ಅಷ್ಟು ಕಟ್ಟುನಿಟ್ಟು? ಡೈವರ್ ಕೈಯಲ್ಲಿ ಹಿಡಿದ ರಾಡಿನ ತುದಿಯಲ್ಲಿ ಕಿಡಿ ಹೊತ್ತಿದಾಗ ಸುತ್ತಲಿನ ನೀರು ಆವಿಯಾಗಿ ಒಂದು ಗುಳ್ಳೆ ಏಳುತ್ತದೆ. ಆ ಗುಳ್ಳೆಯೊಳಗೆ ಲೋಹ ಕರಗಿ ಕೂಡುತ್ತದೆ. ಕಿಡಿ ಮುಂದೆ ಸರಿದ ಕೂಡಲೇ ನೀರು ಆ ಬಿಸಿಯನ್ನು ನುಂಗಿಬಿಡುತ್ತದೆ. ಇದು ಮೊದಲನೆಯ ಪೀಡೆ. ಎರಡನೆಯದು, ಆ ಕಾವಿಗೆ ನೀರೇ ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗುತ್ತದೆ. ಆಕ್ಸಿಜನ್ ರಾಡಿನಲ್ಲಿರುವ ಮ್ಯಾಂಗನೀಸನ್ನು ಸುಟ್ಟು ಬೆಸುಗೆಯ ಬಲ ಕುಗ್ಗಿಸುತ್ತದೆ. ಆಳ ಹೆಚ್ಚಾದಷ್ಟೂ ಈ ನಷ್ಟ ಹೆಚ್ಚು. ಅದಕ್ಕೇ ನೀರೊಳಗಿನ ರಾಡುಗಳಲ್ಲಿ ಮ್ಯಾಂಗನೀಸ್ ಸ್ವಲ್ಪ ಜಾಸ್ತಿ ಇಡುತ್ತಾರೆ, ಬಿರಿಯದಂತೆ ನಿಕ್ಕಲ್ ಸೇರಿಸುತ್ತಾರೆ. ಸಲೀಂ ತಂದಿದ್ದ ರಾಡು ಅಂಥ ಒಳ್ಳೆಯ ಜಾತಿಯದೇ. ಅದರಲ್ಲಿ ಕೊಂಕು ತೆಗೆಯಲು ನನ್ನಂಥವನಿಗೂ ಏನೂ ಸಿಗಲಿಲ್ಲ. ಉಳಿದದ್ದು ಹೈಡ್ರೋಜನ್. ಅದು ಗಟ್ಟಿಯಾದ ಉಕ್ಕಿನೊಳಗೆ ನುಸುಳಿ ಸುಮ್ಮನೆ ಕೂರುತ್ತದೆ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ. ಆಮೇಲೆ ಒಳಗಿಂದಲೇ ಸೀಳುತ್ತದೆ. ಅವತ್ತು ಸಂಜೆ ಜಗ್ಗಿದಾಗ ಕಿವಿ ಗಟ್ಟಿ ಇದ್ದದ್ದು ಸುಳ್ಳಲ್ಲ. ಬಿರುಕು ಇನ್ನೂ ಹುಟ್ಟಿರಲಿಲ್ಲ.

ಲ್ಯಾಬಿನಿಂದ ಬಂದ ಉತ್ತರ: ಗೇಟಿನ ತಗಡು ಸಾದಾ ಕಬ್ಬಿಣ, ಲೆಕ್ಕ 0.30. ಕಿವಿಯಲ್ಲಿ ಕಾರ್ಬನ್ 0.56, ಮ್ಯಾಂಗನೀಸ್ 0.84, ಕ್ರೋಮಿಯಂ 0.86. ಕೂಡಿದರೆ 0.87. ಬೆಸುಗೆಯ ಅಂಚಿನಲ್ಲಿ ಗಡಸುತನ ಸಾದಾ ಕಬ್ಬಿಣದ ನಾಲ್ಕು ಪಟ್ಟು. ಈ ಬೆರಕೆ ನೋಡಿದ ಯಾವ ಲೋಹ ಬಲ್ಲವನೂ ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ: ಇದು ಲಾರಿಯ ಸ್ಪ್ರಿಂಗ್ ಉಕ್ಕು. ಚಕ್ರದ ಮೇಲೆ ಕಮಾನಿನಂತೆ ಬಾಗಿ ಇಡೀ ಲೋಡು ಹೊರುವ ಪಟ್ಟಿ. ನಮ್ಮ ಕಡೆ ಅದಕ್ಕೆ ಪಾಟಾ ಎನ್ನುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳಲ್ಲಿ ಪಾಟಾಕ್ಕಿಂತ ದೊಡ್ಡ ಕಬ್ಬಿಣವಿಲ್ಲ. ಕತ್ತಿ ಮಾಡಿಸುವವನು ಕಮ್ಮಾರನಿಗೆ ಪಾಟಾ ಒಯ್ದು ಕೊಡುತ್ತಾನೆ. ಗುದ್ದಲಿ, ಹಾರೆಯ ಮೊನೆ, ನೇಗಿಲ ಗುಳ, ಏನೇ ಇರಲಿ, “ಪಾಟಾದ್ದು” ಎಂದರೆ ಮುಗಿಯಿತು, ಮತ್ತೆ ಮಾತಿಲ್ಲ.

ಮತ್ತೆ ಒಡ್ಡಿಗೆ ಹೋಗಿ, ಕಿವಿಗೆ ಪಾಟಾ ಹಾಕಿದ ಪುಣ್ಯಾತ್ಮ ಯಾರು ಎಂದು ಸಮಿತಿಯವರನ್ನು ಕೇಳಿದೆ.

“ಒಡ್ಡು ಕಟ್ಟಿದಾಗ ಎರಡೂ ಗೇಟಿನ ಕಿವಿ ಗ್ಯಾರೇಜಿನ ಕರೀಂ ಸಾಬ್ರೇ ಮಾಡಿ ಬೆಸೆದು ಕೊಟ್ಟಿದ್ದು. ಊರಿನ ನೀರಿಗೆ ಅಂತ ಧರ್ಮಕ್ಕೆ ಮಾಡಿಕೊಟ್ರು. ಸಲೀಂನ ಅಪ್ಪ” ಎಂದರು.

ಸಲೀಂನನ್ನು ಪಕ್ಕಕ್ಕೆ ಕರೆದು ಕೇಳಿದೆ, “ಇದು ಪಾಟಾ ಅಂತ ನಿನಗೆ ಗೊತ್ತಿತ್ತೇನೋ?”

“ಇಲ್ಲ ಸರ್. ಮೇಲೆ ಡಾಂಬರು ಬಳಿದಿದ್ರು, ಅದರ ಮೇಲೆ ಪಾಚಿ. ಇಳಿಯೋಕೆ ಮೊದ್ಲು ಅಬ್ಬಾಗೆ ಕೇಳಿದ್ದೆ, ಯಾವ ಕಬ್ಬಿಣ ಅಂತ. ‘ಅದಕ್ಕಿಂತ ಚಲೋ ಕಬ್ಬಿಣ ಇಲ್ಲ’ ಅಂದ್ರು. ಅಬ್ಬಾನೇ ನನ್ನ ಉಸ್ತಾದ್, ಮೊದ್ಲು ನನ್ನ ಕೈಗೆ ರಾಡು ಹಿಡಿಸಿದ್ದು ಅವ್ರೇ. ಉಸ್ತಾದ್ ಹೇಳಿದ್ಮೇಲೆ ಮತ್ತೊಂದ್ಸಲ ಹೆಂಗೆ ಕೇಳ್ಲಿ?”

ತಪ್ಪು ನಡೆದದ್ದು ಅಲ್ಲಿ. ತಂದೆ ಹೇಳಿದ ಮಾತಿನಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಮಗ ಸಾದಾ ಕಬ್ಬಿಣದಲ್ಲಿ ಚಲೋದ್ದು ಎಂದು ತಿಳಿದುಕೊಂಡ.

ಸಲೀಂ ಲ್ಯಾಬಿನ ಕಾಗದವನ್ನು ಓದಿದ. ಅವನಿಗೆ ಆ ಅಂಕಿಗಳನ್ನು ನಾನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕಾಗದವನ್ನು ಮಡಚಿ ಹಿಂದೆ ಕೊಟ್ಟು ನನ್ನ ಎರಡೂ ಕೈ ಹಿಡಿದುಕೊಂಡ.

“ಸರ್, ನನ್ನ ಬೆಸುಗೆನೇ ಸರಿ ಇರ್ಲಿಲ್ಲ ಅಂತ ಬರೀರಿ. ಹೆಂಗಿದ್ರೂ ಎಲ್ಲಾರೂ ಹಂಗೇ ಅಂದ್ಕೊಂಡಾರೆ. ಜೈಲಾದ್ರೆ ಒಂದೆರಡು ವರ್ಷ. ನಾನು ಹೊರಗೆ ಬರ್ತೀನಿ. ಅಬ್ಬಾ ಮಾತ್ರ ಇದನ್ನ ತಡ್ಕೊಳ್ಳೋದಿಲ್ಲ.”

“ಅಪ್ಪನಿಗೆ ನಿನ್ನ ಮೇಲೆ ನಂಬಿಕೆ ಇದೆಯಾ?”

“ಅವ್ರು ನನ್ನ ಜೊತೆ ಮಾತು ಬಿಟ್ಟಾರೆ ಸರ್. ಮಂಜಣ್ಣನ್ನ ನೀನೇ ಕೊಂದೆ ಅಂತಾರೆ.”

ಹಡಗುಕಟ್ಟೆಯಲ್ಲಿ ಎಷ್ಟೋ ಜನ ‘ನನ್ನ ಮೇಲೆ ತಪ್ಪು ಬರೀಬೇಡಿ’ ಎಂದು ಕಾಲು ಹಿಡಿಯುವಷ್ಟು ಹತ್ತಿರ ಬಂದದ್ದುಂಟು. ನನ್ನ ಮೇಲೆ ಬರೆಯಿರಿ ಎಂದು ಕೇಳಿದವನು ಇವನೊಬ್ಬನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆಯೇ ಬಂದು ಬೆನ್ನು ಕೊಟ್ಟು ನಿಂತಿತ್ತು.

ಸುಳ್ಳು ಬರೆಯಲು ನನಗೆ ಮನಸ್ಸಾಗಲಿಲ್ಲ ಎಂದರೆ ಅರ್ಧ ಸತ್ಯ. ಅವತ್ತು ಮನಸ್ಸಾಗಿತ್ತು. ಒಂದು ಸಾಲು ಬರೆದರೆ ಒಬ್ಬ ಮುದುಕ ಉಳಿಯುತ್ತಿದ್ದ. ಆದರೆ ಆ ಇನ್ನೊಂದು ಗೇಟು? ಅದರ ಕಿವಿಯೂ ಅದೇ ಪಾಟಾ. ಸಲೀಂನ ಕೈ ಕೆಟ್ಟದ್ದು ಎಂದು ಬರೆದರೆ, ಕರಾವಳಿಯ ಒಳ್ಳೆಯ ಕೈಯವನು ಬಂದು ಅದೇ ಪಾಟಾಕ್ಕೆ ನೀರಿನಲ್ಲೇ ಬೆಸೆಯುತ್ತಾನೆ. ಅವತ್ತು ಸಂಜೆ ಜಗ್ಗಿ ನೋಡುತ್ತಾರೆ, ಗಟ್ಟಿ ಇರುತ್ತದೆ. ಮತ್ತೊಂದು ದಿನ ಮತ್ತೊಬ್ಬ ಮಂಜಣ್ಣ ಸಲಾಕೆಯ ಮೇಲೆ ಮೈಭಾರ ಹಾಕುತ್ತಾನೆ. ಇದನ್ನು ಸಲೀಂಗೆ ಹೇಳಿದೆ. ಅವನು ವಾದ ಮಾಡಲಿಲ್ಲ, ಕೈ ಬಿಟ್ಟ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ನಾನೇನು ಮಾಡಬೇಕು ಎಂದು ನಮ್ಮ ಮನೆಮಾತಿನಲ್ಲೇ ಕೇಳಿದೆ, “ಆನು ಎಂತ ಮಾಡವು ಹೇಳು.”

“ಖರೆ ಬರದ್ರೆ ಆ ಮುದ್ಕಂಗೆ ಕಷ್ಟ, ಸುಳ್ಳು ಬರದ್ರೆ ನಾಳೆ ನೀರಿಗೆ ಇಳಿಯವಂಗೆ ಕಷ್ಟ. ಆನು ಎಂತ ಹೇಳ್ಲಿ?” ಎಂದಳು. ಆಮೇಲೆ, “ಬರೆಯದೇ ಆದ್ರೆ ಮೊದ್ಲು ಆ ಸಾಬ್ರಿಗೆ ಹೋಗಿ ಹೇಳಿ ಬನ್ನಿ. ಪೇಪರ್ ನೋಡಿ ತಿಳ್ಕಳದು ಬ್ಯಾಡ” ಎಂದಳು. ಅದು ಸರಿ ಎನಿಸಿತು.

ಕರೀಂ ಸಾಬರ ಗ್ಯಾರೇಜು ಹೆದ್ದಾರಿಯ ಪಕ್ಕದಲ್ಲಿತ್ತು. ಅಂಕೋಲಾ ಕಡೆಯಿಂದ ಘಟ್ಟ ಹತ್ತಿ ಬರುವ ಲಾರಿಗಳ ಪಾಟಾ ಮುರಿದರೆ ಅಲ್ಲಿಗೇ ಬರಬೇಕು. ಎತ್ತರದ ಮನುಷ್ಯ, ಬಿಳಿ ಗಡ್ಡ, ಮುಂಗೈ ತುಂಬ ಸುಟ್ಟ ಕಲೆಗಳು. ನಾನು ಯಾರು, ಯಾಕೆ ಬಂದೆ ಎಂದು ಹೇಳುತ್ತಲೇ ಸ್ಟೂಲು ಎಳೆದು ಹಾಕಿದರು.

“ಬರ್ರಿ ಹೆಗಡೇರ, ಕುಂದರ್ರಿ. ನಿಮಗ ಒಂದು ಮಾತು ಹೇಳ್ತೀನಿ, ಬರಕೊಳ್ರಿ. ಕಬ್ಬಿಣ ಕಳಪೆ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ಅದು ನನ್ನ ಮೊದಲ್ನೇ ಗಾಡಿ ಪಾಟಾ. ಹದಿನೆಂಟು ವರ್ಷ ಈ ಘಟ್ಟದಾಗ ಮರ ಹೊತ್ತೈತಿ. ಗಾಡಿ ಗುಜರಿಗೆ ಹಾಕಿದಾಗ ಪಾಟಾ ಮಾತ್ರ ಕೊಡಲಿಲ್ಲ. ಯಾವುದರ ಚಲೋ ಕೆಲಸಕ್ಕ ಇರಲಿ ಅಂತ ಇಟ್ಟಿದ್ದೆ. ಊರ ನೀರಿಗೆ ಅಂದ್ರು, ತಗದು ಕೊಟ್ಟೆ.”

“ಬೆಸೆದದ್ದು ಹೇಗೆ ಸಾಬ್ರೆ?”

“ಹಂಗ ಬೆಸದ್ರ ನಿಲ್ಲೂದಿಲ್ರಿ ಅದು. ಮೊದಲು ಕಿವಿ ಕಾಸಬೇಕು, ಕಾಸಿದ ಮ್ಯಾಲೆ ಬೆಸಿಬೇಕು, ಬೆಸದ ಕೂಡಲೇ ಬಿಸಿಬಿಸಿ ಬೂದ್ಯಾಗ ಹುಗದು ಬಿಡಬೇಕು. ಮರದಿನ ತಗದ್ರ ಆನಿ ಕಟ್ರಿ, ಹರಿಯೂದಿಲ್ಲ.” ಆಮೇಲೆ ದನಿ ಇಳಿಸಿ, “ನನ್ನ ಮಗ ದೊಡ್ಡ ದೊಡ್ಡ ದೇಶ ತಿರುಗಿ ಬಂದ. ಕೈ ಕಲೀಲಿಲ್ಲ. ಮಂಜ ನನಗ ತಮ್ಮ ಇದ್ದಂಗ ಇದ್ದ” ಎಂದರು.

“ಸಾಬ್ರೆ, ನಿಮ್ಮ ಮಗನ ಕೈ ಚೆನ್ನಾಗಿದೆ. ಬೆಸುಗೆ ಹಾಗೇ ಇದೆ, ಒಡೆದಿಲ್ಲ. ಅವನು ಬೆಸೆದದ್ದು ನೀರಿನೊಳಗೆ. ಕಿಡಿ ತಾಗಿ ಪಾಟಾ ಕೆಂಪಗಾದ ಕೂಡಲೇ…” ಎಂದು ಶುರುಮಾಡಿದೆ.

ಅಷ್ಟರಲ್ಲೇ ಸಾಬರಿಗೆ ತಿಳಿದುಹೋಯಿತು. ನನ್ನ ಲೆಕ್ಕ, ಕ್ರೋಮಿಯಂ, ಹೈಡ್ರೋಜನ್ ಯಾವುದೂ ಬೇಕಾಗಲಿಲ್ಲ. ಕತ್ತಿಯ ಬಾಯಿ ಗಡುಸು ಮಾಡಲು ಕೆಂಪಗೆ ಕಾಸಿದ ಪಾಟಾವನ್ನು ನೀರಿಗೆ ಅದ್ದುತ್ತಾರೆ. ಅದಕ್ಕೆ ನೀರು ಕುಡಿಸುವುದು ಎನ್ನುತ್ತಾರೆ. ಹದ ತಪ್ಪಿ ಜಾಸ್ತಿ ಕುಡಿಸಿದರೆ ಕತ್ತಿ ಮೊದಲ ಏಟಿಗೇ ಚೂರಾಗುತ್ತದೆ. ಇದು ಅವರಿಗೆ ಹುಟ್ಟಾ ಗೊತ್ತಿದ್ದದ್ದು. ನೀರು ಕುಡಿಸುವುದನ್ನೂ ಮಗನ ನೀರೊಳಗಿನ ಬೆಸುಗೆಯನ್ನೂ ಜೋಡಿಸಿ ನೋಡಲು ಮಾತ್ರ ಅವರಿಗೆ ಕಾರಣ ಬಂದಿರಲಿಲ್ಲ.

“ಯಾ ಅಲ್ಲಾ” ಎಂದರು. “ನೀರು ಕುಡಿಸಿಬಿಟ್ನೇನ್ರಿ…” ಎಂದು ತಮ್ಮ ಅಂಗೈಗಳನ್ನೇ ನೋಡಿಕೊಂಡರು. “ನೀರಾಗ ಹುಡುಗ ಬೂದಿ ಎಲ್ಲಿಂದ ತರ್ತಾನ? ನನಗ ಕೇಳಿದ್ದ. ಯಾವ ಕಬ್ಬಿಣ ಅಬ್ಬಾ ಅಂತ ಕೇಳಿದ್ದ. ಪಾಟಾ ಅಂತ ಒಂದು ಶಬ್ದ ಅಂದಿದ್ರ ಸಾಕಿತ್ತಲ್ಲ. ಬರೇ ಒಂದು ಶಬ್ದ.”

ಆ ಮುಖವನ್ನು ನಾನು ನೋಡಲಾರದೆ ರಸ್ತೆಯ ಕಡೆ ತಿರುಗಿ ಕೂತೆ. ಅಳು ಬಂದಿತ್ತು, ಅತ್ತೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಅವರು ಎದ್ದು ಚಪ್ಪಲಿ ಮೆಟ್ಟಿದರು. ಮಂಜಣ್ಣನ ಮನೆಗೆ ಹೋಗಬೇಕು, ನೀವೂ ಬನ್ನಿ ಎಂದರು. ಅವರದೇ ಹಳೆಯ ಜೀಪಿನಲ್ಲಿ ಹೋದೆವು. ಮಂಜಣ್ಣನ ಹೆಂಡತಿ ಗೌರಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಕರೀಂ ಸಾಬರು ಅಂಗಳದ ತುದಿಯಲ್ಲೇ ನಿಂತರು. “ತಂಗಿ, ಮುರಿದದ್ದು ನನ್ನ ಕಬ್ಬಿಣ. ಸಲೀಂದು ಏನೂ ತಪ್ಪಿಲ್ಲ. ನಿನ್ನ ಗಂಡನ್ನ ನಾನು ಕೊಂದೆ” ಎಂದರು.

ಗೌರಿ ಹರವಿದ ಭತ್ತವನ್ನು ಕಾಲಿನಿಂದ ಸರಿಸಿ ದಾರಿ ಮಾಡಿದಳು. ಆಮೇಲೆ, “ಕಬ್ಬಿಣ ಯಾರದ್ದಾದ್ರೆ ನಂಗೆ ಎಂತ ಆಗ್ಬೇಕು ಸಾಬ್ರೆ? ಹೋದವ್ರು ಬರ್ತ್ರಾ? ಬಿಸ್ಲಿಗೆ ನಿಂತ್ಕಬೇಡಿ, ಒಳಗೆ ಬನ್ನಿ, ಚಾ ಮಾಡ್ತೆ” ಎಂದಳು. ಯಾವತ್ತೂ ಕೊಡುವಂತೆಯೇ ಚಾ ಕೊಟ್ಟಳು. ಸಾಬರು ಅದನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಜೀಪು ಹತ್ತುವಾಗ, “ಬೈದಿದ್ರ ಚಲೋ ಇತ್ತು ಹೆಗಡೇರ. ಕಲ್ಲು ತಗೊಂಡು ಹೊಡದಿದ್ರೂ ಚಲೋ ಇತ್ತು” ಎಂದರು.

ನಾನು ವರದಿ ಬರೆದೆ. ಬೆಸುಗೆಯಲ್ಲಿ ದೋಷವಿಲ್ಲ, ಕಿವಿಯ ಉಕ್ಕು ನೀರೊಳಗಿನ ಬೆಸುಗೆಗೆ ಒಗ್ಗದ ಬೆರಕೆ, ಬೆಸೆಯುವ ಮೊದಲು ಉಕ್ಕಿನ ಗುಣವನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಯಾರೂ ಮಾಡಿರಲಿಲ್ಲ ಎಂದು. ಕೊನೆಯ ಮಾತನ್ನು ತೆಗೆಯಬಹುದೇ ಎಂದು ಇಂಜಿನಿಯರ್ ಕೇಳಿದರು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಇನ್ನೊಂದು ಗೇಟಿಗೆ ಬೆಸುಗೆ ಹಾಕಿಸಲಿಲ್ಲ. ಸಾದಾ ಕಬ್ಬಿಣದ ಹೊಸ ಕಿವಿಯನ್ನು ಬೋಲ್ಟಿನಿಂದ ಬಿಗಿದರು. ಸಲೀಂನ ಮೇಲಿನ ಕೇಸು ಹಿಂದೆ ಹೋಯಿತು. ಕರೀಂ ಸಾಬರ ಮೇಲೆ ಯಾರೂ ಕೇಸು ಹಾಕಲಿಲ್ಲ. ಧರ್ಮಕ್ಕೆ ಕೊಟ್ಟವನ ಮೇಲೆ ಯಾವ ಕಲಮು ಹಾಕುತ್ತಾರೆ?

ಇಲ್ಲಿಗೆ ನನ್ನ ಕೆಲಸ ಮುಗಿಯಿತು. ಕಾರಣ ಸಿಕ್ಕಿತು, ನಿರಪರಾಧಿ ಬಿಡುಗಡೆಯಾದ. ಇಂಥದ್ದನ್ನು ಯಶಸ್ಸು ಎಂದು ನಮ್ಮ ವೃತ್ತಿಯಲ್ಲಿ ಕರೆಯುತ್ತಾರೆ. ಆದರೆ ಸಲೀಂ ಮತ್ತೆ ನೀರಿಗಿಳಿಯಲಿಲ್ಲ. ಹುಬ್ಬಳ್ಳಿ ಅಂಕೋಲಾ ಮಧ್ಯೆ ಲಾರಿ ಓಡಿಸುತ್ತಾನೆ. ಒಮ್ಮೆ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ನಾನು ಹೇಗಿದ್ದೀಯೋ ಎಂದೆ. “ನಿಮ್ಮ ಹತ್ರ ನಾನು ಕೇಳಿದ್ದು ಒಂದೇ ಮಾತಾಗಿತ್ತು ಸರ್, ನನ್ನ ಮೇಲೆ ಬರೀರಿ ಅಂತ” ಎಂದು ಹೇಳಿ ಹೊರಟುಹೋದ.

ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ಅವನೇ ಫೋನ್ ಮಾಡಿದ. “ಅಬ್ಬಾ ಗ್ಯಾಸ್ ಕಟರ್ ತಗೊಂಡು ಊರೂರು ತಿರುಗ್ತಿದಾರೆ. ಯಾರ ಮಾತೂ ಕೇಳೋದಿಲ್ಲ. ನೀವು ಹೇಳಿದ್ರೆ ಕೇಳಬಹುದು” ಎಂದ. ಸಿದ್ದಾಪುರ ತಾಲೂಕಿನಲ್ಲಿ, ದೊಡ್ಮನೆ ಕಡೆಗೆ ಹೋಗಿದ್ದಾರೆ ಎಂದೂ ಹೇಳಿದ. ನಾನು ಸ್ಕೂಟರ್ ಹತ್ತಿದೆ.

ಒಂದು ಹಳ್ಳದ ಕಾಲುಸಂಕದ, ಅಂದರೆ ಹಗ್ಗದ ತೂಗುಸೇತುವೆಯ, ಹತ್ತಿರ ಸಿಕ್ಕರು. ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಸಂಕದ ಹಗ್ಗ ಕಟ್ಟಿದ ನಾಲ್ಕು ಕೊಂಡಿಗಳನ್ನು ಎಷ್ಟೋ ವರ್ಷದ ಹಿಂದೆ ಅವರೇ ಪಾಟಾದಿಂದ ಮಾಡಿಕೊಟ್ಟಿದ್ದರು. ಅವನ್ನು ಒಂದೊಂದಾಗಿ ಕತ್ತರಿಸಿ, ತಾವೇ ತಂದ ಸಾದಾ ಕಬ್ಬಿಣದ ಕೊಂಡಿ ಕೂರಿಸುತ್ತಿದ್ದರು. ಮೂರು ಮುಗಿದಿದ್ದವು. ಇದಕ್ಕೆ ಮುಂಚೆ ಎಷ್ಟು ಊರುಗಳಲ್ಲಿ ಹೀಗೆ ಮಾಡಿದ್ದರೋ. ಒಂದು ಆಯುಷ್ಯದ ಚೊಕ್ಕ ಕೆಲಸವನ್ನು ಆ ಮನುಷ್ಯ ಕೈಯಾರೆ ಕತ್ತರಿಸಿಕೊಂಡು ಬರುತ್ತಿದ್ದರು.

ನಾಲ್ಕನೆಯದನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ಅರ ಹಾಕಿದೆ. ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳಿದೆ. ಗಂಟೆಯ ಹಾಗೆ ನಾದ ಬಂತು. ಅಷ್ಟು ಚೆಂದದ ಬೆಸುಗೆಯನ್ನು ಹಡಗುಕಟ್ಟೆಯಲ್ಲೂ ನಾನು ಹೆಚ್ಚು ನೋಡಿದವನಲ್ಲ.

“ಸಾಬ್ರೆ, ಇದು ನೆಲದ ಮೇಲೆ, ಕಾಸಿ ಬೆಸೆದದ್ದು. ಬೂದಿಯಲ್ಲಿ ತಣಿದದ್ದು. ಇದಕ್ಕೆ ಏನೂ ಆಗೋದಿಲ್ಲ. ನನ್ನ ವಿದ್ಯೆಯ ಮೇಲೆ ಆಣೆ ಮಾಡಿ ಹೇಳ್ತೀನಿ, ಇದು ಗಟ್ಟಿ ಇದೆ” ಎಂದೆ.

ಅವರು ಕಟರ್ ಹೊತ್ತಿಸುತ್ತಾ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ.

“ಅದೂ ಗಟ್ಟಿನೇ ಇತ್ತಲ್ಲರಿ.”

ನಲವತ್ತು ವರ್ಷ ಈ ಕೆಲಸ ನನಗೆ ಕಲಿಸಿದ್ದು ಯಾಕೆ ಮುರಿಯಿತು ಎಂದು ಹೇಳುವುದನ್ನು. ಹೇಳಿದ್ದರಿಂದ ಯಾವುದೂ ಮತ್ತೆ ಕೂಡಿಕೊಳ್ಳುವುದಿಲ್ಲ ಎಂಬುದನ್ನು ಕಲಿಸಿದ್ದು ಕರೀಂ ಸಾಬರು. ಒಂದು ಕೈಯಲ್ಲಿ ಕಟರ್, ಇನ್ನೊಂದರಲ್ಲಿ ಕೊಂಡಿ ಹಿಡಿಯಲು ಅವರು ಪರದಾಡುತ್ತಿದ್ದರು. ನಾನು ಇಕ್ಕಳ ತೆಗೆದುಕೊಂಡು ಕೊಂಡಿಯನ್ನು ಹಿಡಿದುಕೊಂಡೆ. ಅವರು ಕತ್ತರಿಸಿದರು.